ಸಕ್ಕುಬಾಯಿಯ ಮಗ ಕಂಬಳಿ ಹಾಸಿದ್ದು

ಯಾವ ಕ್ಷೇತ್ರ, ಯಾವ ಪಕ್ಷ ಅಂತ ಮಾತ್ರ ಕೇಳಬೇಡಿ. ಹೇಳಿದರೆ ನಾಳೆ ಚಿಕ್ಕೋಡಿಯಿಂದ ಒಬ್ಬರು ಬಂದು ಹಂಗಲ್ಲ ಹಿಂಗ ಅನ್ನುತ್ತಾರೆ, ಅಥಣಿಯಿಂದ ಇನ್ನೊಬ್ಬರು ಬಂದು ಹಿಂಗಲ್ಲ ಹಂಗ ಅನ್ನುತ್ತಾರೆ, ಅವರ ಜಗಳದಲ್ಲಿ ಕಥೆ ಅಲ್ಲೇ ಕೂತುಬಿಡುತ್ತದೆ. ಕೃಷ್ಣಾ ಹೊಳೆಯ ಎರಡೂ ದಂಡೆಗೆ ಹರಡಿದ ಒಂದು ಕ್ಷೇತ್ರ ಅಂತ ಇಟ್ಟುಕೊಳ್ಳಿ, ಸಾಕು. ಎಂಬತ್ತೊಂಬತ್ತರ ಚುನಾವಣೆಯಲ್ಲಿ ಅಲ್ಲಿಂದ ಆರಿಸಿ ಬಂದವನು ಪಾಲಬಾವಿಯ ಕುರಿಗಾರರ ಮಗ ಮಾಳಸಿದ್ದ. ಇನ್ನೂ ಮೂವತ್ತು ತುಂಬಿರಲಿಲ್ಲ. ಜನ ಗುಲಾಲು ಎರಚಿ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹಲಗೆ ಬಾರಿಸುತ್ತ ಮನೆಗೆ ತಂದಾಗ ಅವನ ತಾಯಿ ಸಕ್ಕುಬಾಯಿ ಒಂದು ಕುರಿಯನ್ನು ತೊಡೆ ನಡುವೆ ಹಿಡಿದು ಅದರ ಗೊರಸಿನ ಹುಣ್ಣಿಗೆ ಔಷಧ ಹಚ್ಚುತ್ತಿದ್ದಳು. ತಲೆ ಎತ್ತಿ ನೋಡಿ, ಅವನನ್ನು ಮೊದಲು ಕೆಳಗೆ ಇಳಿಸಿರಿ, ಕುರಿ ಬೆದರುತ್ತವೆ ಅಂದಳು. ಎಮ್ಮೆಲ್ಲೆ ಸಾಹೇಬರು ಇಳಿದರು. ಇಳಿಯದೆ ಏನು ಮಾಡುತ್ತಾರೆ?

ಆದರೆ ಆ ಹೊತ್ತಿನಲ್ಲಿ ಸಕ್ಕುಬಾಯಿಯ ಹೊಟ್ಟೆಯೊಳಗೆ ಆದ ಸಂತೋಷ ಅವಳಿಗೊಬ್ಬಳಿಗೇ ಗೊತ್ತು. ಮಗ ದೊಡ್ಡವನಾದ ಎಂಬುದು ಆ ಸಂತೋಷದಲ್ಲಿ ಅರ್ಧ ಪಾಲು ಕೂಡ ಅಲ್ಲ. ಇನ್ನು ಮೇಲೆ ನಮ್ಮನ್ನು ಯಾರೂ 'ಆ ಕಡಿಯವ್ರು' ಅನ್ನುವುದಿಲ್ಲ ಎಂಬುದೇ ಮುಕ್ಕಾಲು ಪಾಲು.

ಆ ಕಡೆ ಎಂದರೆ ರಾಜ್ಯದ ಗಡಿಯ ಆಚೆ, ಮರಾಠಿ ನಾಡಿನ ಜತ್ತದ ಒಣ ಸೀಮೆ. ಅಲ್ಲಿಂದ ವರ್ಷವರ್ಷವೂ ಕುರಿ ಹಿಂಡುಗಳು ಕೆಳಗಿಳಿದು ಹೊಳೆಸಾಲಿಗೆ ಬರುತ್ತಿದ್ದವು. ಬೆಳೆ ಕೊಯ್ದ ಹೊಲಗಳಲ್ಲಿ ಮೇಯುವುದು, ಸಂಜೆಗೆ ಯಾರದಾದರೂ ಹೊಲದಲ್ಲಿ ತಂಗುವುದು. ಕುರಿ ತಂಗಿದ ಹೊಲಕ್ಕೆ ಹಿಕ್ಕೆ ಗೊಬ್ಬರ ಸಿಗುತ್ತದೆ, ಕುರಿಗಾರನಿಗೆ ಕಾಳು ಸಿಗುತ್ತದೆ. ಮಳೆಗಾಲಕ್ಕೆ ಮತ್ತೆ ಊರ ಹಾದಿ. ಸಕ್ಕುಬಾಯಿಯ ಗಂಡ ಜಕ್ಕಪ್ಪನೂ ಹಾಗೇ ಬಂದು ಹಾಗೇ ಹೋಗುತ್ತಿದ್ದ. ಒಂದು ವರ್ಷ ಹೆಂಡತಿ ತುಂಬು ಬಸುರಿ, ನಡೆಯಲಾರಳು. ಪಾಲಬಾವಿಯ ಜೈನ ರೈತ ನೇಮಿನಾಥ ತನ್ನ ಹೊಲದ ಮೂಲೆ ತೋರಿಸಿ, ಹೆರಿಗೆ ಮುಗಿಯುವ ತನಕ ಇರಿ ಎಂದ. ಹೆರಿಗೆ ಮುಗಿಯಿತು, ಮಳೆಗಾಲ ಮುಗಿಯಿತು, ಮೂಲೆಯಲ್ಲಿ ಒಂದು ಗುಡಿಸಲು ಎದ್ದಿತು. ಹುಟ್ಟಿದವನೇ ಮಾಳಸಿದ್ದ.

ಇದ್ದರೇನು, ಇದ್ದ ಮಾತ್ರಕ್ಕೆ ಊರಿನವರಾಗುತ್ತಾರೆಯೇ! ಬಾವಿಯಲ್ಲಿ ಕೊಡ ಇಳಿಬಿಟ್ಟರೆ 'ಆ ಕಡಿಯವ್ರು'. ಸಂತೆಯಲ್ಲಿ ಚೌಕಾಶಿ ಮಾಡಿದರೆ 'ಆ ಕಡಿಯವ್ರು'. ಸಕ್ಕುಬಾಯಿ ಕುರಿಗಳ ಜೊತೆ ಮರಾಠಿ ಆಡುತ್ತಿದ್ದಳು, ಊರವರ ಜೊತೆ ಕನ್ನಡ ಆಡುತ್ತಿದ್ದಳು, ಸಿಟ್ಟು ಬಂದರೆ ಎರಡನ್ನೂ ಸೇರಿಸಿ ಆಡುತ್ತಿದ್ದಳು. ಎಂಬತ್ತಾರರಲ್ಲಿ ಗಡಿ ಗದ್ದಲ ಎದ್ದಾಗ ನಾಲ್ಕು ಪುಂಡ ಹುಡುಗರು ಬಂದು, ನಿಮ್ಮ ರಾಜ್ಯಕ್ಕೆ ನೀವು ನಡೀರಿ ಎಂದು ಹೇಳಿ ಹೋದರು. ಸರಿ, ನೋಡೋಣ ಎಂದು ಜತ್ತದ ತಂಗಿಯ ಮನೆಗೆ ಹೋದರೆ ಅಲ್ಲಿ ಓಣಿಯ ಹೆಂಗಸರು ಇವಳನ್ನು 'ಕಾನಡಿ', ಅಂದರೆ ಕನ್ನಡದವಳು, ಎಂದು ಕರೆದು ನಕ್ಕರು. ಎಲ್ಲಿಗೆ ಹೋಗಬೇಕು ಹೇಳಿ? ಹೊಳೆಯ ನಡುವೆ ನಿಂತುಕೊಳ್ಳಬೇಕೇ?

ಇಂಥ ಮನೆಯ ಹುಡುಗ ಎಮ್ಮೆಲ್ಲೆ ಆದ. ಹೇಗಾದ ಎಂದರೆ, ನಡೆದು ನಡೆದು ಆದ. ನೇಮಿನಾಥರ ಪಡಸಾಲೆಯಲ್ಲಿ ಮಲಗಿ, ಅವರ ಮಗ ಉತ್ತಮನ ಹಳೆಯ ಪುಸ್ತಕ ಓದಿ, ಶಾಲೆಗೆ ಹೋದ. ಬೇಸಿಗೆ ಸೂಟಿ ಬಂದರೆ ತಂದೆಯ ಜೊತೆ ಕುರಿ ಹಿಂದೆ ಹೊಳೆಸಾಲಿಗೆ ಹೋದ. ಜೈನರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆ ರೂಢಿ ಅವನಿಗೆ ಎಷ್ಟು ಅಂಟಿತೆಂದರೆ ಮುಂದೆ ಬೆಂಗಳೂರಿನ ಶಾಸಕರ ಭವನದಲ್ಲೂ ಸಂಜೆ ಐದೂವರೆಗೆ ತಾಟು ಹಿಡಿದು ಅಡುಗೆಯವನ ಮುಂದೆ ನಿಲ್ಲುತ್ತಿದ್ದನಂತೆ. ಬೆಳಗಾವಿಯಲ್ಲಿ ವಕೀಲಿ ಓದಿದ. ಚಿಕ್ಕೋಡಿ ಕೋರ್ಟಿನಲ್ಲಿ ಕರಿಕೋಟು ಹಾಕಿದ. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರ ಕೇಸು ಹಿಡಿದು, ಅವರ ಮಾಲಕರ ದೊಡ್ಡ ವಕೀಲರನ್ನು ಮೂರು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಸಿ ಇಳಿಸಿ ಕೊನೆಗೆ ಗೆದ್ದ. ಹೆಸರು ಅಲ್ಲಿಂದ ಹಬ್ಬಿತು. ಜಿಲ್ಲಾ ಪರಿಷತ್ತಿಗೆ ನಿಲ್ಲು ಎಂದರು, ನಿಂತು ಗೆದ್ದ. ಮುಂದಿನದಕ್ಕೂ ನಿಲ್ಲು ಎಂದರು.

ಆರಿಸಿ ಬಂದ ಮೇಲೂ ಅವನ ರೀತಿ ಕುರಿಗಾರರದೇ. ಉಳಿದ ಶಾಸಕರು ಜೀಪಿನಲ್ಲಿ ಬಂದು ಹಾರ ಹಾಕಿಸಿಕೊಂಡು ಧೂಳೆಬ್ಬಿಸಿ ಹೋಗುತ್ತಿದ್ದರು. ಇವನು ಒಂದೊಂದು ಊರಿನಲ್ಲಿ ಒಂದೊಂದು ರಾತ್ರಿ ತಂಗುತ್ತಿದ್ದ, ಗುಡಿಯ ಕಟ್ಟೆಯೋ ಶಾಲೆಯ ಪಡಸಾಲೆಯೋ, ಹೆಗಲ ಕಂಬಳಿಯೇ ಹಾಸಿಗೆ. ತಂಗಿದ ಊರಿಗೆ ಏನಾದರೂ ಬಿಟ್ಟು ಹೋಗದಿದ್ದರೆ ನಮ್ಮ ಜಾತಿಗೆ ಕೆಟ್ಟ ಹೆಸರು ಎನ್ನುತ್ತಿದ್ದ. ಒಂದು ಕಡೆ ಬೋರು, ಒಂದು ಕಡೆ ನರ್ಸಬಾಯಿ, ಒಂದು ಕಡೆ ಬಸ್ಸು. ಕುರಿ ಹಿಂದೆ ಹೋದ ಮಕ್ಕಳ ಹೆಸರನ್ನು ಶಾಲೆಯಿಂದ ಹೊಡೆದು ಹಾಕಬಾರದು, ಹಿಂಡು ನಿಂತ ಊರಿನ ಶಾಲೆಯಲ್ಲೇ ಅವರನ್ನು ಕೂಡಿಸಿಕೊಳ್ಳಬೇಕು ಎಂದು ವಿಧಾನಸಭೆಯಲ್ಲಿ ಎದ್ದು ನಿಂತು ಎಷ್ಟು ಜಗ್ಗಾಡಿದನೆಂದರೆ, ಆತನ ಕಾಟ ತಾಳಲಾರದೆ ಮಂತ್ರಿಗಳು ಹೂಂ ಅಂದರು. ಸಕ್ಕುಬಾಯಿ ಇದನ್ನೆಲ್ಲ ಉತ್ತಮನ ಬಾಯಿಂದ ಕೇಳುತ್ತಿದ್ದಳು. ಕೇಳಿ ಮುಖ ಗಂಟಿಕ್ಕಿಕೊಂಡು, ಅದಿರಲಿ, ಅವನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಎನ್ನುತ್ತಿದ್ದಳು. ಒಳಗೊಳಗೆ ಹಿಗ್ಗಿ ಹೀರೇಕಾಯಿ ಆಗಿರುತ್ತಿದ್ದಳು. ಬಾವಿಯ ಹತ್ತಿರ ಈಗ ಅವಳಿಗೆ ಹೆಂಗಸರು ತಾವಾಗಿ ಜಾಗ ಬಿಡುತ್ತಿದ್ದರು.

ಇಷ್ಟು ಚೆನ್ನಾಗಿ ನಡೆದಾಗಲೇ ಅವನ ಕಡೆಯಿಂದ ಒಂದು ತಪ್ಪಾಯಿತು.

ಅಥಣಿ ಕಡೆಯ ಮಡ್ಡಿ ಊರುಗಳಿಗೆ, ಎಂದರೆ ಎತ್ತರದ ಒಣ ನೆಲದ ಊರುಗಳಿಗೆ, ನೀರಿಲ್ಲ. ಹೊಳೆಯಿಂದ ನೀರೆತ್ತಿ ಅಲ್ಲಿಗೆ ಒಯ್ಯುವ ದೊಡ್ಡ ಯೋಜನೆಯನ್ನು ಮಾಳಸಿದ್ದ ನಾಲ್ಕು ವರ್ಷ ಬೆಂಗಳೂರಿಗೆ ಅಲೆದಾಡಿ ಮಂಜೂರು ಮಾಡಿಸಿದ್ದ. ಹೊಳೆದಂಡೆಯಲ್ಲಿ ನೀರೆತ್ತುವ ಬಾವಿ, ಪಂಪಿನ ಮನೆ, ಅಲ್ಲಿಗೆ ಒಂದು ರಸ್ತೆ, ಇಷ್ಟಕ್ಕೆ ಜಾಗ ಬೇಕು. ಮೇ ತಿಂಗಳ ಬಿಸಿಲಲ್ಲಿ ಇಂಜಿನಿಯರರು ಬಂದು ಎಲ್ಲಿ ಎಂದು ಕೇಳಿದರು. ಸತ್ತಿ ಎಂಬ ಊರಿನ ಕೆಳಗಿನ ದಂಡೆ ತೋರಿಸಿ ಮಾಳಸಿದ್ದ, ಇದು ಬಯಲು, ಯಾರದೂ ಅಲ್ಲ, ನಾನು ಸಣ್ಣವನಿದ್ದಾಗಿನಿಂದ ಬಲ್ಲೆ ಎಂದ. ಸುಳ್ಳೇನೂ ಹೇಳಲಿಲ್ಲ. ಪ್ರತಿ ಬೇಸಿಗೆ ಸೂಟಿಯಲ್ಲೂ ಅವನು ಅಲ್ಲಿ ಕುರಿ ಕಾದಿದ್ದ. ಪ್ರತಿ ಬೇಸಿಗೆಯಲ್ಲೂ ಅದು ಬಯಲೇ. ಸರಕಾರದ ದಾಖಲೆಯಲ್ಲೂ ಅದಕ್ಕೆ ಒಡೆಯರಿಲ್ಲ.

ಆದರೆ ಹಿಂಡಿನ ಜೊತೆ ಬಂದು ಹಿಂಡಿನ ಜೊತೆ ಹೋಗುವವನು ಒಂದು ನೆಲವನ್ನು ವರ್ಷದ ಒಂದೇ ಮುಖದಲ್ಲಿ ನೋಡಿರುತ್ತಾನೆ. ಹೊಳೆ ಇಳಿದ ಮೇಲೆ, ದಸರೆಯ ಹೊತ್ತಿಗೆ, ಆ ದಂಡೆಯ ಹಸಿ ಮೆಕ್ಕಲು ಮಣ್ಣಿನಲ್ಲಿ ಸತ್ತಿಯ ಬಡ ಮನೆಗಳವರು ಬದನೆ ಹಚ್ಚುತ್ತಿದ್ದರು. ಕೃಷ್ಣೆಯ ದಂಡೆಯ ಬದನೆ ಎಂದರೆ ಸಂತೆಗಳಲ್ಲಿ ಬುಟ್ಟಿ ಇಳಿಸುವುದರೊಳಗೆ ಖಾಲಿ. ಶಿವರಾತ್ರಿ ದಾಟುವುದರೊಳಗೆ ಫಸಲು ಮುಗಿದು, ಗಿಡ ಕಿತ್ತು, ನೆಲ ಬರಿದಾಗುತ್ತಿತ್ತು. ಕುರಿ ಬರುವುದು ಅದರ ನಂತರ. ಎಮ್ಮೆಲ್ಲೆ ಆದ ಮೇಲೆ ಅವನು ಸತ್ತಿಗೆ ಹತ್ತು ಸಲ ಹೋಗಿರಬೇಕು, ಊರ ಕಟ್ಟೆಯಲ್ಲಿ ಮಲಗಿರಬೇಕು, ಆದರೆ ಕಬ್ಬಿನ ಹೊಲಗಳ ಆಚೆಗಿರುವ ದಂಡೆಗೆ ಬದನೆಯ ತಿಂಗಳುಗಳಲ್ಲಿ ಇಳಿದಿರಲಿಲ್ಲ. ಗೊತ್ತಿದೆ ಅಂದುಕೊಂಡದ್ದನ್ನು ಯಾರು ಹೋಗಿ ನೋಡುತ್ತಾರೆ?

ತೊಂಬತ್ನಾಲ್ಕರ ದಸರೆ ಮುಗಿಯಿತು. ಹೊಳೆ ಇಳಿಯಿತು. ಜನ ಸಸಿ ಹಚ್ಚಿದರು. ವಾರದೊಳಗೆ ಲಾರಿಗಳು ಬಂದು ಸಸಿಗಳ ಮೇಲೆ ಕಲ್ಲು ಸುರಿದು ಹೋದವು. ಸತ್ತಿಯವರು ಬಾಯಿ ಬಾಯಿ ಬಡಿದುಕೊಂಡು ತಮ್ಮ ಎಮ್ಮೆಲ್ಲೆ ಹತ್ತಿರವೇ ಓಡಿ ಬಂದರು. ಆ ಇಂಜಿನಿಯರನ ಮನೆ ಹಾಳಾಗಲಿ, ನೀವೇ ಕಾಪಾಡಿರಿ ಎಂದರು. ಮಾಳಸಿದ್ದ ಅವರ ಜೊತೆಗೇ ಹೋಗಿ ನೋಡಿದ. ನೋಡಿ ಬಂದವನು ಊಟದ ಹೊತ್ತು ಮೀರಿದರೂ ಉಣ್ಣಲಿಲ್ಲ. ಚುನಾವಣೆಗೆ ಒಂದು ತಿಂಗಳಿತ್ತು.

ಮರುದಿನ ಮಧ್ಯಾಹ್ನ ಕುರಿದೊಡ್ಡಿಯ ಪಕ್ಕ ಜಾಲಿಯ ನೆರಳಲ್ಲಿ ಕೂತು ತಾಯಿಗೆ ಎಲ್ಲ ಹೇಳಿದ. ಸತ್ತಿಗೆ ಹೋಗಿ ಕಂಬಳಿ ಹಾಸುತ್ತೇನೆ ಎಂದ.

ಕಂಬಳಿ ಹಾಸುವುದು ಎಂದರೆ ಕುರಿಗಾರರಲ್ಲಿ ಸಣ್ಣ ಮಾತಲ್ಲ. ತನ್ನ ಹಿಂಡು ಯಾರದಾದರೂ ನಿಂತ ಬೆಳೆ ಮೇದರೆ, ಹೊಲದವನಿಗೆ ತಿಳಿಯುವುದರೊಳಗೆ ಕುರಿಗಾರ ತಾನೇ ಅವನ ಬಾಗಿಲಿಗೆ ಹೋಗಬೇಕು. ಹೆಗಲ ಕಂಬಳಿಯನ್ನು ಅಲ್ಲಿ ನೆಲದ ಮೇಲೆ ಹಾಸಿ, ನಿಮ್ಮ ಬೆಳೆ ಮೇದದ್ದು ನನ್ನ ಕುರಿ ಎನ್ನಬೇಕು. ಹಿಂಡನ್ನು ತಂದು ಆ ಹೊಲದಲ್ಲಿ ಪುಕ್ಕಟೆ ತಂಗಿಸಬೇಕು. ಹೊಲದವನು ತನ್ನ ಕೈಯಿಂದ ಎತ್ತಿ ಕೊಡುವವರೆಗೆ ಆ ಕಂಬಳಿಯನ್ನು ಮುಟ್ಟುವಂತಿಲ್ಲ, ಚಳಿಯಲ್ಲಿ ನಡುಗಿ ಸತ್ತರೂ. ಜಕ್ಕಪ್ಪ ಬದುಕಿದ್ದಾಗ ಎರಡು ಸಲ ಹಾಸಿದ್ದ. ಎರಡು ಸಲವೂ ಸಕ್ಕುಬಾಯಿ ಅವನ ಜೊತೆ ಜಗಳ ತೆಗೆದಿದ್ದಳು.

"ನಿನಗ್ಯಾರು ಕೇಳ್ಯಾರೋ?" ಅಂದಳು. "ಇಂಜಿನಿಯರಂದು ತಪ್ಪು ಅಂತ ಇಡೀ ಊರ ಅನ್ನಾಕತ್ತೈತಿ. ಅನ್ನಲಿ. ಕಲ್ಲು ತಗಸಿ ಕೊಡು, ದೇವರಂಗ ಕಾಣಸ್ತಿ. ಬಾಯಿ ಬಿಟ್ಟು ಹೇಳೋದ್ಯಾಕ?"

"ಆಬಾ ಇದ್ದಿದ್ರ ಏನ್ ಮಾಡ್ತಿದ್ದ, ಆಯಿ?" ಮಗ ತಂದೆಯ ಮಾತು ತೆಗೆದ.

"ನಿಮ್ಮ ಆಬಾಗ ಕಳಕೊಳ್ಳಾಕ ಏನಿತ್ತಪಾ? ಒಂದು ಕಂಬಳಿ ಇತ್ತು."

ತನಗೆ ಭಯ ಯಾವುದು ಎಂಬುದನ್ನೂ ಆಗ ಅವಳು ಮುಚ್ಚಿಡಲಿಲ್ಲ. ಈ ಸೀಟು ಹೋದರೆ ನಾವು ಮತ್ತೆ ಆ ಕಡೆಯವರು. ಮೂವತ್ತು ವರ್ಷ ಇಲ್ಲಿಯ ನೀರು ಕುಡಿದರೂ ಆಗದ್ದು ಈ ಐದು ವರ್ಷದಲ್ಲಿ ಆಗಿದೆ, ಅದನ್ನು ನೀನೇ ಕೈಯಾರೆ ಹೊಳೆಗೆ ಹಾಕುತ್ತೀಯಾ ಎಂದು ಕೇಳಿದಳು. ಇದ್ದದ್ದು ಇದ್ದಂಗ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಿರಿಯರು ಸುಮ್ಮನೆ ಆಡಿಲ್ಲ ಎಂದಳು. ಕಣ್ಣೀರು ಹಾಕಿದಳು. ಉತ್ತಮನೂ ಬಂದು ಅವಳ ಪರವಾಗಿಯೇ ನಿಂತ. ಚುನಾವಣೆ ಮುಗಿಯುವ ತನಕವಾದರೂ ತಡಿ ಮಾರಾಯ ಎಂದು ಕೈ ಮುಗಿದ.

ಮಾಳಸಿದ್ದ ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ಮಾತು ತುಂಡು ಮಾಡುವ ಅಭ್ಯಾಸ ಅವನಿಗೆ ಇರಲಿಲ್ಲ, ಅದು ಅವನ ದೊಡ್ಡ ಗುಣ. ಆಮೇಲೆ ಮೆಲ್ಲಗೆ ಹೇಳಿದ:

"ಖುರ್ಚಿನೂ ಒಂದು ಹೊಲಾನ, ಆಯಿ. ಮಂದಿ ನಮ್ಮನ್ನ ನಿಂದ್ರಾಕ ಬಿಟ್ಟಾರ. ಬೆಳಿ ಮೇದು ಸುಮ್ನ ನಿಂತ್ರ ನಾಳೆ ಯಾವ ಮಾರಿ ಇಟ್ಕೊಂಡು ನಿಂದ್ರೂದು?"

ಸಕ್ಕುಬಾಯಿ ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿ ಎತ್ತಿ ಕುಕ್ಕಿದಳು. ನಾನಂತೂ ಬರುವುದಿಲ್ಲ, ನೀನು ಎಲ್ಲಿ ಬೇಕಾದರೂ ಹಾಸು, ಏನು ಬೇಕಾದರೂ ಹಾಸು ಎಂದಳು. ಬೆಳಿಗ್ಗೆ ಅವನು ಹೊರಟಾಗ ನೋಡಿದರೆ ಎಲ್ಲರಿಗಿಂತ ಮೊದಲು ಹೋಗಿ ಜೀಪಿನಲ್ಲಿ ಕೂತಿದ್ದಳು.

ಸತ್ತಿಯಲ್ಲಿ ಮೊದಲ ಕಲ್ಲುರಾಶಿ ಬಿದ್ದದ್ದು ಕೆಂಪವ್ವನ ಸಸಿಗಳ ಮೇಲೆ. ಕೆಂಪವ್ವ ಗಂಡ ಇಲ್ಲದ ಹೆಂಗಸು, ಹೊಳೆದಂಡೆಯ ಮನೆಗಳಿಗೆಲ್ಲ ಹಿರಿಯಳು, ನಗುವುದು ಕಡಿಮೆ. ಎಮ್ಮೆಲ್ಲೆ ಬಂದ ಎಂದು ಜನ ಕೂಡಿದರು. ಕಲ್ಲು ತೆಗೆಸುವ ಸುದ್ದಿ ತಂದಿರಬೇಕೆಂದು ಒಬ್ಬ ಹಾರವನ್ನೂ ಹುಡುಕಿಕೊಂಡು ಬಂದ. ಮಾಳಸಿದ್ದ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಕಂಬಳಿ ತೆಗೆದು, ಕೆಂಪವ್ವನ ಬಾಗಿಲ ಮುಂದೆ ಹಾಸಿದ. ಆ ಕಂಬಳಿಯ ಉಣ್ಣೆಯನ್ನು ನೂತವಳು ಸಕ್ಕುಬಾಯಿ. ಅವಳು ಜೀಪಿನಿಂದ ಇಳಿಯದೆ ಸೆರಗಿನ ತುದಿ ಕಚ್ಚಿಕೊಂಡು ನೋಡಿದಳು.

"ಈ ಜಾಗಾ ತೋರಿಸಿದಾಂವ ಇಂಜಿನಿಯರ ಅಲ್ಲ, ಕೆಂಪವ್ವಾ. ನಾ," ಎಂದ. "ಬ್ಯಾಸಗಿ ಸೂಟಿಯೊಳಗ ಕುರಿ ತಂದಾಗೆಲ್ಲ ಬಯಲ ನೋಡಿದ್ದೆ, ಬಯಲ ಐತಿ ಅಂತ ಹೇಳಿಬಿಟ್ಟೆ. ನಿಮ್ಮನ್ನ ಒಂದ್ ಮಾತು ಕೇಳಬೇಕಿತ್ತು. ಕೇಳಲಿಲ್ಲ."

ಹಾರ ತಂದವನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡ. ಹಿಂದಿನಿಂದ ಯಾರೋ, ಇವನಿಗಾ ನಾವು ಓಟು ಹಾಕಿದ್ದು ಎಂದು ಬೈದರು. ಕೆಂಪವ್ವ ಕಂಬಳಿಯನ್ನು ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋಗಿ ಕದ ಹಾಕಿಕೊಂಡಳು. ಮಾಳಸಿದ್ದ ಕಂಬಳಿಯನ್ನು ಅಲ್ಲೇ ಬಿಟ್ಟು, ಕೆಲಸ ನಿಲ್ಲಿಸುವ ಆದೇಶ ತರಲು ಅಲ್ಲಿಂದಲೇ ಬೆಳಗಾವಿಯ ಹಾದಿ ಹಿಡಿದ. ಬೆಳಗಾವಿಯಲ್ಲಿ ಆಗದಿದ್ದರೆ ಬೆಂಗಳೂರು.

ಮನೆಗೆ ಬಂದ ಸಕ್ಕುಬಾಯಿಗೆ ಕೂತರೆ ನಿಂತರೆ ಸಮಾಧಾನವಿಲ್ಲ. ಮೊದಲು ಮಗನ ಮೇಲೆ ಸಿಟ್ಟು ಬಂತು. ಆಮೇಲೆ ಕದ ಹಾಕಿಕೊಂಡ ಆ ಕೆಂಪವ್ವನ ಮೇಲೆ ಸಿಟ್ಟು ಬಂತು. ಇಬ್ಬರ ಮೇಲಿನ ಸಿಟ್ಟೂ ಇಳಿದ ಮೇಲೆ ಕಣ್ಣ ಮುಂದೆ ನಿಂತದ್ದು ಮರಳುವಾಗ ಜೀಪಿನಿಂದ ದಂಡೆಯಲ್ಲಿ ಕಂಡದ್ದೇ: ಕಲ್ಲಿನ ಅಡಿಯಿಂದ ಹೊರಗೆ ಚಾಚಿ ಬಾಡಿದ ನಾಲ್ಕು ಎಲೆ ಸಸಿಗಳು. ಜೊತೆಗೆ ಇನ್ನೊಂದು ಸಂಕಟ. ತಾನು ನೂತ ಕಂಬಳಿ ಮಂದಿಯ ಬಾಗಿಲಲ್ಲಿ ಮಣ್ಣಲ್ಲಿ ಬಿದ್ದಿದೆ. ಕಂಬಳಿ ಹಾಸಿದವರು ಹಿಂಡು ತರಬೇಕು, ಹಿಂಡು ತರದೆ ಹಾಸಿದ ಕಂಬಳಿ ನಾಟಕ. ಮಗನೋ ಬೆಳಗಾವಿ, ಬೆಂಗಳೂರು ಎಂದು ಹೋಗಿದ್ದಾನೆ. ಹಿಂಡು ಯಾರು ತರಬೇಕು?

ಮರುದಿನ ಹೊತ್ತು ಮೂಡುವಾಗ ದೊಡ್ಡಿಯ ಮುಳ್ಳು ಸರಿಸಿ ಕುರಿಗಳನ್ನು ಹೊರಡಿಸಿದಳು. ಉತ್ತಮ ಓಡಿ ಬಂದು, ಕಾಕೂ, ಈ ವಯಸ್ಸಿನಲ್ಲಿ ಎಲ್ಲಿಗೆ ಎಂದು ತಡೆದ. ನಿಮ್ಮ ಸಾಹೇಬ ಮೇಸಿದ್ದಕ್ಕೆ ದಂಡ ಕಟ್ಟಲು ಎಂದು ಹೇಳಿ ಕೋಲು ಬೀಸಿದಳು. ಸೇತುವೆ ದಾಟಿ, ಲಾರಿಗಳ ಹಾರ್ನು ಕೇಳಿ, ಎರಡು ಕಡೆ ತಂಗಿ ಸತ್ತಿಯ ದಂಡೆ ಮುಟ್ಟಿದಳು. ಕಲ್ಲುರಾಶಿಗಳ ನಡುವೆ ಇದ್ದಷ್ಟು ಮಣ್ಣಿನ ಮೇಲೆ ಹಿಂಡನ್ನು ನಿಲ್ಲಿಸಿ, ತಾನೊಂದು ಕಲ್ಲಿನ ಮೇಲೆ ಕೂತಳು. ಬೆಳಿಗ್ಗೆ ಮತ್ತೊಂದು ಕಲ್ಲಿನ ಲಾರಿ ಬಂತು. ಡ್ರೈವರ ಹಾರ್ನು ಹೊಡೆದ, ಕುರಿ ಏಳಿಸು ಮುದುಕಿ ಎಂದು ಕೂಗಿದ. ಸಕ್ಕುಬಾಯಿ ಅವನಿಗೆ ಎರಡೂ ಭಾಷೆಯಲ್ಲಿ ಉತ್ತರ ಕೊಟ್ಟಳು. ಏನು ಹೇಳಿದಳೆಂದು ಇಲ್ಲಿ ಬರೆಯುವಂತಿಲ್ಲ; ಲಾರಿ ಮಾತ್ರ ಹಿಂದಕ್ಕೆ ಹೋಯಿತು.

ಕೆಂಪವ್ವ ದಿಬ್ಬದ ಮೇಲೆ ನಿಂತು ಇದನ್ನೆಲ್ಲ ನೋಡಿದಳು. ಮಧ್ಯಾಹ್ನಕ್ಕೆ ಒಂದು ಬಟ್ಟೆಯಲ್ಲಿ ರೊಟ್ಟಿ, ಖಾರದ ಹಿಂಡಿ, ಒಂದು ತಂಬಿಗೆ ಮಜ್ಜಿಗೆ ತಂದಿಟ್ಟು ಹೋದಳು. ಮರುದಿನವೂ ತಂದಳು. ಮೂರನೆಯ ದಿನ ಸಕ್ಕುಬಾಯಿಯ ಪಕ್ಕದ ಕಲ್ಲಿನ ಮೇಲೆ ಕೂತು, ಎಷ್ಟು ಮಕ್ಕಳು ನಿನಗೆ ಎಂದು ಕೇಳಿದಳು. ಒಬ್ಬನೇ ಎಂದಳು ಸಕ್ಕುಬಾಯಿ. ಒಬ್ಬನೇ ಇಷ್ಟು ಮಾಡುತ್ತಾನಲ್ಲವ್ವ, ಇನ್ನೊಬ್ಬ ಇದ್ದಿದ್ದರೆ ನಿನ್ನ ಗತಿ ಏನು ಎಂದಳು ಕೆಂಪವ್ವ. ಇಬ್ಬರೂ ನಕ್ಕರು.

ವಾರ ಕಳೆದ ಮೇಲೆ ಮಾಳಸಿದ್ದ ಆದೇಶ ಹಿಡಿದುಕೊಂಡು ಬಂದ. ಕಣ್ಣು ಕೆಂಪಗಾಗಿತ್ತು, ಅಂಗಿ ಕೊಳೆಯಾಗಿತ್ತು. ನೀರೆತ್ತುವ ಬಾವಿಯ ಜಾಗ ಹೊಳೆಯ ಕೆಳಗಿನ ಬಂಡೆಗಲ್ಲಿನ ತಿರುವಿಗೆ ಹೋಯಿತು. ಅಲ್ಲಿ ಬಂಡೆ ಒಡೆಯಬೇಕು, ಹೊಸದಾಗಿ ಅಳೆಯಬೇಕು, ಒಂದು ವರ್ಷ ತಡ. ಕಲ್ಲು ಸುರಿದ ಲಾರಿಗಳೇ ಬಂದು ಕಲ್ಲು ಹೊತ್ತು ಹೋದವು. ಆ ಸಂಜೆ ಕೆಂಪವ್ವ ಬಾಗಿಲ ಮುಂದಿನ ಕಂಬಳಿ ಎತ್ತಿ, ಪಟಪಟ ಕೊಡವಿ, ಮಡಿಸಿ ಮಾಳಸಿದ್ದನ ಹೆಗಲ ಮೇಲೆ ತಾನೇ ಹಾಕಿದಳು. ಮುಗಿಯಿತು ನಡಿ ಅಂದಳು. ಸಕ್ಕುಬಾಯಿ ಆ ಹೊತ್ತು ತನ್ನ ಮಗನನ್ನು ನೋಡಿದಂತೆ ಹಿಂದೆಂದೂ ನೋಡಿರಲಿಲ್ಲ. ಇವನನ್ನು ಹೆತ್ತದ್ದು ಸಾರ್ಥಕ ಎಂದುಕೊಂಡಳು.

ಸತ್ತಿಯಲ್ಲಿ ಮುಗಿದರೆ ಆಯಿತೇ? ಮಡ್ಡಿ ಊರುಗಳಲ್ಲಿ ಅಲ್ಲಿಂದಲೇ ಶುರುವಾಯಿತು. ಎದುರಾಳಿಯ ಜನ ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಊರೂರು ತಿರುಗಿದರು. ಕೇಳಿರಣ್ಣಾ ಕೇಳಿರಿ, ನಿಮ್ಮ ಎಮ್ಮೆಲ್ಲೆ ನಿಮ್ಮ ನೀರನ್ನು ಬದನೆಕಾಯಿಗೆ ಮಾರಿದ, ತಪ್ಪು ಮಾಡಿದ್ದೇನೆ ಅಂತ ತಾನೇ ಒಪ್ಪಿಕೊಂಡಿದ್ದಾನೆ, ಆ ಕಡೆಯವನಿಗೆ ಈ ನೆಲದ ಸಂಕಟ ಏನು ಗೊತ್ತು! ಮಾಳಸಿದ್ದ ಆ ಊರುಗಳಿಗೂ ಹೋದ. ಒಂದು ವರ್ಷ ತಡ, ನೀರು ಬಂದೇ ಬರುತ್ತದೆ ಎಂದ. ಎಷ್ಟೋ ವರ್ಷ ಕಾದು ಬಾಯಿ ಒಣಗಿದ ಜನಕ್ಕೆ ಇನ್ನೊಂದು ವರ್ಷ ಕಾಯಿರಿ ಎಂದರೆ ಹೇಗೆ ಕೇಳುತ್ತಾರೆ? ಅವರದೂ ತಪ್ಪಲ್ಲ. ಸತ್ತಿ ಇಡೀ ಊರು ಅವನಿಗೆ ಓಟು ಹಾಕಿತು. ಮಡ್ಡಿ ಊರುಗಳು ಹಾಕಲಿಲ್ಲ. ಕೂದಲೆಳೆಯಷ್ಟರಲ್ಲಿ ಸೋತ.

ಸೋತ ದಿನ ಎದುರಾಳಿಯ ಕೊರಳಿಗೆ ಹಾರ ಹಾಕಿ, ಆ ಬಂಡೆಗಲ್ಲಿನ ಕೆಲಸ ಮಾತ್ರ ನಿಲ್ಲಿಸಬೇಡಿರಿ ಸಾಹೇಬರ ಎಂದು ಹೇಳಿ ಮನೆಗೆ ಬಂದು ಹೊತ್ತು ಮುಳುಗುವ ಮುಂಚೆ ಊಟ ಮಾಡಿ ಮಲಗಿದ. ಮರುವಾರದಿಂದ ಬಸ್ಸು ಹತ್ತಿ ಚಿಕ್ಕೋಡಿ ಕೋರ್ಟಿಗೆ ಹೋಗತೊಡಗಿದ. ಬೆಂಗಳೂರಿಗೂ ಹೋಗುತ್ತಿದ್ದ, ಈಗ ಬರೀ ಮಾಳಸಿದ್ದನಾಗಿ, ಆ ಯೋಜನೆಯ ಫೈಲಿನ ಹಿಂದೆ. ಎದೆ ಒಡೆದುಕೊಂಡವಳು ಸಕ್ಕುಬಾಯಿ. ಅಂಗಳದಲ್ಲಿ ನಿಲ್ಲುತ್ತಿದ್ದ ಜೀಪುಗಳಿಲ್ಲ, ಚಹ ಕುಡಿಯುವ ಜನವಿಲ್ಲ. ಬಾವಿಯ ಹತ್ತಿರ ಒಬ್ಬಳು ಸಣ್ಣ ಧ್ವನಿಯಲ್ಲಿ ಆ ಹಳೆಯ ಮಾತು ಆಡಿದ್ದನ್ನು ಕಿವಿಯಾರೆ ಕೇಳಿದಳು. ಆ ಮಳೆಗಾಲ ಪೂರ್ತಿ ಅವಳಿಗೆ ಒಂದೇ ಯೋಚನೆ: ಕುರಿ ಮಾರಿಬಿಡುವುದು, ಜತ್ತಕ್ಕೆ ಹೋಗಿ ತಂಗಿಯ ಓಣಿಯಲ್ಲಿ ಕಾನಡಿ ಅನ್ನಿಸಿಕೊಂಡು ಸಾಯುವುದು. ಎಲ್ಲಿ ಅನ್ನಿಸಿಕೊಂಡರೆ ಏನು, ಅಲ್ಲಾದರೂ ಒಡಹುಟ್ಟಿದವಳಿದ್ದಾಳೆ. ಮಗನಿಗೂ ಹೇಳಿದಳು. ಹೊಳೆ ಇಳಿಯಲಿ ಆಯಿ, ಆಮೇಲೆ ನೋಡೋಣ ಎಂದ.

ಹೊಳೆ ಇಳಿಯಿತು. ದಸರೆಯ ಬನ್ನಿ ಕೊಟ್ಟ ನಾಲ್ಕು ದಿನಕ್ಕೆ ಕೆಂಪವ್ವ ಬಸ್ಸಿನಲ್ಲಿ ಪಾಲಬಾವಿಗೆ ಬಂದಳು. ಸಕ್ಕುಬಾಯಿಗೆ ಎಲೆ ಅಡಿಕೆ ಕೊಟ್ಟು, ನಾಳೆ ದಂಡೆಗೆ ಬಾ, ಮಗನನ್ನೂ ಕರೆದುಕೊಂಡು ಬಾ ಅಂದಳು. ಹಿಂಡು ತರಬೇಕೇನು ಎಂದು ಕೇಳಿದಳು ಸಕ್ಕುಬಾಯಿ. ಬೇಡ, ನೀವು ಬಂದರೆ ಸಾಕು ಅಂದಳು ಅವಳು.

ಹೋದರು. ದಂಡೆಯ ತುಂಬ ಜನ. ಪ್ರತಿ ವರ್ಷ ಹೊಳೆ ಏರಿ ಬಂದು ಬದುಗಳನ್ನೆಲ್ಲ ಅಳಿಸಿ ಹೋಗುತ್ತದೆ, ಯಾರ ಹೊಲ ಎಲ್ಲಿತ್ತೆಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಅದಕ್ಕೆ ಸತ್ತಿಯವರು ಹೊಸ ಮಣ್ಣಿನ ಮೇಲೆ ಹಗ್ಗ ಹಿಡಿದು ಹೊಸದಾಗಿ ಪಾಲು ಹಾಕುತ್ತಾರೆ, ಮನೆಗೊಂದು ಪಟ್ಟಿ, ಎಲ್ಲರದೂ ಸಮ. ಹಗ್ಗದ ಒಂದು ತುದಿಯನ್ನು ಯಾರೋ ಮಾಳಸಿದ್ದನ ಕೈಗೆ ಕೊಟ್ಟರು. ಅವನು ಪ್ಯಾಂಟು ಮಡಚಿ ಮೊಣಕಾಲುದ್ದ ಕೆಸರಿನಲ್ಲಿ ಇಳಿದು ಹಿಡಿದ. ಕೆಂಪವ್ವ ಮುಂದೆ ಮುಂದೆ ಹೋಗುತ್ತ ಒಂದೊಂದು ಮನೆಯ ಹೆಸರು ಕೂಗಿ ಕೋಲು ಊರಿದಳು. ಈ ವರ್ಷ ಹಗ್ಗವನ್ನು ಸ್ವಲ್ಪ ಗಿಡ್ಡ ಮಾಡಿದ್ದಾರೆ ಎಂದು ಸಕ್ಕುಬಾಯಿಯ ಪಕ್ಕದಲ್ಲಿ ನಿಂತ ಹೆಂಗಸು ಹೇಳಿದಳು. ಯಾಕೆ ಎಂದು ಸಕ್ಕುಬಾಯಿ ಕೇಳಲಿಲ್ಲ, ಅದು ಅವರ ಊರಿನ ಮಾತು. ಎಲ್ಲ ಮನೆಗಳೂ ಮುಗಿದವು. ಇನ್ನೂ ಒಂದು ಪಟ್ಟಿ ಉಳಿಯಿತು. ಕೆಂಪವ್ವ ಅಲ್ಲಿ ಕೋಲು ಊರಿ, ಸಕ್ಕುಬಾಯಿ ಎಂದು ಕೂಗಿದಳು.

ಸಕ್ಕುಬಾಯಿ ಅತ್ತ ಇತ್ತ ನೋಡಿದಳು. ಬೇರೆ ಸಕ್ಕುಬಾಯಿ ಇರಬೇಕು ಅಂದುಕೊಂಡಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ನಮಗ್ಯಾಕ ಬೇ?" ಅಂದಳು. "ನಾವು ಆ ಕಡಿಯವ್ರು. ಈಗ ಮಗಾ ಎಮ್ಮೆಲ್ಲೆನೂ ಅಲ್ಲ."

ಕೆಂಪವ್ವ ಬಗ್ಗಿ ಒಂದು ಹಿಡಿ ಹಸಿ ಮಣ್ಣು ತೆಗೆದು ಅವಳ ಕೈಯಲ್ಲಿಟ್ಟಳು.

"ಈ ಮಣ್ಣು ಎಲ್ಲಿಂದ ಬಂತು? ಇದೂ ಆ ಕಡಿಂದನ ಬಂದದ್ದು, ಹೊಳಿ ತಂದು ಹಾಕೈತಿ. ಇದನ್ನ ಬ್ಯಾಡ ಅಂದ್ರ ನಾವು ಏನ್ ತಿನ್ನೂಣು? ನಿಂದ್ರಬ್ಯಾಡ, ಇಳಿ."

ಸಕ್ಕುಬಾಯಿ ಅತ್ತಳು, ಎಲ್ಲರ ಮುಂದೆ, ಮಗನ ಮುಂದೆ, ನಾಚಿಕೆ ಇಲ್ಲದೆ ಅತ್ತಳು. ಮಾಳಸಿದ್ದ ಹಗ್ಗ ಬಿಡದೆ ಬೇರೆ ಕಡೆ ಮುಖ ತಿರುಗಿಸಿಕೊಂಡ. ಚುನಾವಣೆ ಸೋತ ದಿನವೂ ಅವನ ಕಣ್ಣು ಹಸಿಯಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಮೂಗು ಒರೆಸಿಕೊಂಡು, ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಹುಟ್ಟಿದಾಗಿನಿಂದ ಕುರಿ ಮೇಯಿಸಿದವಳೇ ಹೊರತು ಬೆಳೆ ಬೆಳೆದವಳಲ್ಲ. ಬದನೆ ಸಸಿ ಎಷ್ಟೆಷ್ಟು ದೂರಕ್ಕೆ ಹಚ್ಚಬೇಕು ಎಂದು ಪಕ್ಕದ ಪಟ್ಟಿಯವಳನ್ನು ಕೇಳಿದಳು.